ಸೋಪು ಮಗುವಿನ ಕೈಗೆಟುಕಲಿ

ಬೇಸಿಗೆ ರಜೆ ಮುಗಿದು ಶಾಲೆಯ ಬಾಗಿಲು ತೆರೆಯುವುದಕ್ಕೂ ಮುಂಗಾರಿನ ಮೊದಲ ಮಳೆ ಬೀಳುವುದಕ್ಕೂ ನಮ್ಮಲ್ಲಿ ಹೆಚ್ಚು ದಿನಗಳ ಅಂತರ ಇರುವುದಿಲ್ಲ. ವಾಂತಿ-ಭೇದಿಯ ಸುದ್ದಿ ಬರುವುದೂ ಇದೇ ಹೊತ್ತಿನಲ್ಲಿ. 2022ರ ಮೇ ಕೊನೆಯಲ್ಲಿ ರಾಯಚೂರು ನಗರ, 2023ರ ಮೇ-ಜೂನ್‌ನಲ್ಲಿ ಕೊಪ್ಪಳ ಜಿಲ್ಲೆಯ ಹಳ್ಳಿಗಳು, 2024ರ ಮೇ ತಿಂಗಳಲ್ಲಿ ಮೈಸೂರಿನ ಪಕ್ಕದ ಕೆ. ಸಾಲುಂಡಿ, ಮರುತಿಂಗಳೇ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿ. ಎಲ್ಲ ಕಡೆಯೂ ಜನ ಸಾಲುಸಾಲಾಗಿ ಆಸ್ಪತ್ರೆ ಸೇರಿದರು, ಜೀವಗಳು ಹೋದವು. ಊರು ಬೇರೆ, ವರ್ಷ ಬೇರೆ, ಕಾಲ ಮಾತ್ರ ಅದೇ.

ಇದರ ಹಿಂದಿನ ಕಾರಣ ನಮಗೆಲ್ಲ ಗೊತ್ತಿರುವುದೇ. ಬೇಸಿಗೆಯಲ್ಲಿ ನಲ್ಲಿ ನೀರು ಮೂರು ದಿನಕ್ಕೊಮ್ಮೆ, ಕೆಲವು ಕಡೆ ವಾರಕ್ಕೊಮ್ಮೆ ಬರುತ್ತದೆ. ನೀರಗಂಟಿ ವಾಲ್ವ್ ಮುಚ್ಚಿದ ಮೇಲೆ ಪೈಪು ಬರಿದಾಗುತ್ತದೆ. ಬರಿದಾದ ಪೈಪು ಸುತ್ತಲಿನ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ಅದು ಚರಂಡಿಯ ಒಳಗೇ ಹಾದುಹೋಗಿದ್ದು, ಜೋಡಣೆ ಸಡಿಲವಾಗಿದ್ದು, ಮೇಲಿಂದ ಯಾರೋ ಮೋಟಾರು ಹಚ್ಚಿ ನೀರೆಳೆದರೆ ಚರಂಡಿಯ ನೀರೂ ಕುಡಿಯುವ ನೀರಿನ ಜೊತೆ ಮನೆಗೆ ಬರುತ್ತದೆ. ಮೊದಲ ಮಳೆಯೋ, ಬಯಲಲ್ಲಿ ಬಿದ್ದಿದ್ದನ್ನೆಲ್ಲ ತೊಳೆದು ತಂದು ಬಾವಿಗೆ, ಕೊಳವೆಬಾವಿಯ ಬಾಯಿಗೆ ಸುರಿಯುತ್ತದೆ. ಪೈಪಿನ ಕಟ್ಟಕಡೆಗೆ ಇರುವ ಕೇರಿಗೆ, ಒತ್ತಡವೇ ಇಲ್ಲದ ಬಡವರ ಬೀದಿಗೆ ಇದರ ಪೆಟ್ಟು ಮೊದಲು.

ಪೈಪು ಸರಿಪಡಿಸುವುದು ಪಂಚಾಯಿತಿಯ, ನಗರಸಭೆಯ ಹೊಣೆ. ಆ ಹೊಣೆಯಿಂದ ಅವರು ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಮೊದಲು ನಿಮ್ಮಲ್ಲಿ ನನ್ನ ಮನವಿ ಇದು: ಅಂಗನವಾಡಿಯ ಚಾಪೆಯ ಮೇಲೆ ಕೂತ ಮೂರು ವರ್ಷದ ಕೂಸಿನಿಂದ ಹಿಡಿದು ಮೂರನೇ ತರಗತಿಯ ಮಗುವಿನವರೆಗೆ, ನಮ್ಮ ಸುತ್ತಲಿನ ಪುಟ್ಟ ಮಕ್ಕಳಿಗೆ ನೀರಿನಿಂದ ರೋಗ ಹೇಗೆ ಬರುತ್ತದೆ, ಅದನ್ನು ತಡೆಯುವುದು ಹೇಗೆ ಎಂದು ಈ ಮುಂಗಾರಿನೊಳಗೆ ಕಲಿಸೋಣ. ಕಪ್ಪುಹಲಗೆಯ ಮುಂದೆ ಕೂರಿಸಿ ಕಲಿಸುವ ಪಾಠ ಸಾಲದು. ನಲ್ಲಿಯ ಹತ್ತಿರ, ನೀರಿನ ಕೊಡದ ಹತ್ತಿರ, ಶೌಚಾಲಯದ ಬಾಗಿಲಲ್ಲಿ ನಿಲ್ಲಿಸಿ ಕೈಹಿಡಿದು ಕಲಿಸಬೇಕು.

ಈಗ ನಡೆಯುತ್ತಿರುವುದು ಏನೆಂದು ನಿಮಗೆ ಗೊತ್ತು. ‘ನೀರಿನಿಂದ ಹರಡುವ ರೋಗಗಳು ಯಾವುವು?’ ಎಂದು ಕೇಳಿದರೆ ಮಕ್ಕಳು ಕಾಲರಾ, ವಿಷಮಶೀತ ಜ್ವರ, ಕಾಮಾಲೆ, ಆಮಶಂಕೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ನೀರನ್ನು ಕುದಿಸಿ, ಆರಿಸಿ, ಸೋಸಿ ಕುಡಿಯಬೇಕೆಂದು ಬರೆದರೆ ಎರಡು ಅಂಕ. ಅಷ್ಟರಲ್ಲಿ ಊಟದ ಗಂಟೆ ಬಾರಿಸುತ್ತದೆ. ಪೂರ್ಣ ಅಂಕ ಪಡೆದ ಅದೇ ಮಗು ಶೌಚಾಲಯಕ್ಕೆ ಹೋಗಿ ಬಂದು ಬೆರಳ ತುದಿಯನ್ನಷ್ಟೇ ನೀರಿಗೆ ಒಡ್ಡಿ, ಅಂಗಿಗೆ ಒರೆಸಿಕೊಂಡು, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತದೆ. ಮಗುವಿನ ತಪ್ಪೇನೂ ಇಲ್ಲ. ರೋಗದ ಹೆಸರು ಹೇಳಿಕೊಟ್ಟವರು ಆ ರೋಗ ನಡೆದು ಬರುವ ದಾರಿಯನ್ನು ತೋರಿಸಿಲ್ಲ.

ಆ ದಾರಿ ಹೆಚ್ಚುಕಡಿಮೆ ಒಂದೇ. ಕಾಲರಾ ಇರಲಿ, ವಿಷಮಶೀತ ಜ್ವರ ಇರಲಿ, ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ವೈರಸ್ ಇರಲಿ, ಎಳೆಯ ಮಕ್ಕಳನ್ನು ಕಾಡುವ ರೋಟಾವೈರಸ್ ಭೇದಿ ಇರಲಿ, ಒಬ್ಬರ ಮಲದಲ್ಲಿರುವ ರೋಗಾಣು ಇನ್ನೊಬ್ಬರ ಬಾಯಿ ಸೇರಿದಾಗಲೇ ಹರಡುತ್ತದೆ. ನೀರು ಒಂದು ವಾಹನ. ಕೈ ಇನ್ನೊಂದು. ನೊಣ, ಲೋಟ, ತೊಳೆಯದ ಹಣ್ಣು, ನೆಲಕ್ಕೆ ಬಿದ್ದ ಆಟಿಕೆ ಉಳಿದವು.

ಇದನ್ನು ಮಕ್ಕಳಿಗೆ ಹೇಳಲು ದೊಡ್ಡವರಾದ ನಮಗೆ ಸಂಕೋಚ. ಮಲದ ಮಾತೆತ್ತಿದರೆ ‘ಛೀ, ಊಟದ ಹೊತ್ತಲ್ಲಿ ಏನದು’ ಎಂದು ಬಾಯಿ ಮುಚ್ಚಿಸುತ್ತೇವೆ. ಪಠ್ಯಪುಸ್ತಕವೂ ‘ಕಲುಷಿತ ನೀರು’ ಎಂದು ಹೇಳಿ ಮುಂದೆ ಸಾಗುತ್ತದೆ. ಯಾವುದರಿಂದ ಕಲುಷಿತ, ಅದು ಅಲ್ಲಿಗೆ ಹೇಗೆ ಬಂತು ಎಂಬುದೇ ಮಗುವಿಗೆ ತಿಳಿಯಬೇಕಾದ ವಿಷಯ. ದಯವಿಟ್ಟು ಈ ಸಂಕೋಚ ಬಿಡಿ. ಮಗು ಆಡುವ ಮಾತಿನಲ್ಲೇ ಹೇಳಿ: ಕಕ್ಕದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿರುತ್ತವೆ, ಅವು ಕೈಗೆ ಅಂಟುತ್ತವೆ, ಕೈಯಿಂದ ಬಾಯಿಗೆ, ಬಾಯಿಂದ ಹೊಟ್ಟೆಗೆ ಹೋಗಿ ಹೊಟ್ಟೆ ಕೆಡಿಸುತ್ತವೆ. ನಾಲ್ಕು ವರ್ಷದ ಮಗುವಿಗೆ ಇಷ್ಟು ಚೆನ್ನಾಗಿಯೇ ಅರ್ಥವಾಗುತ್ತದೆ. ಅರ್ಥವಾದ ಮರುಗಳಿಗೆಯೇ ಅದು ಕೇಳುತ್ತದೆ, ‘ನೊಣ ಅಲ್ಲಿ ಕೂತು ಬಂದು ನನ್ನ ಅನ್ನದ ಮೇಲೆ ಕೂತರೆ?’ ಆ ಪ್ರಶ್ನೆ ಬಂತೆಂದರೆ ಪಾಠ ಅರ್ಧ ಮುಗಿದಂತೆ.

ಹೆದರಿಸುವುದು ಮಾತ್ರ ಬೇಡ. ರೋಗಾಣುವೆಂದರೆ ಕೋರೆಹಲ್ಲಿನ ರಾಕ್ಷಸ ಎಂದು ಚಿತ್ರ ಬರೆದು ತೋರಿಸುವ ಅಭ್ಯಾಸ ಬಹಳ ಕಡೆ ಇದೆ. ಸೂಕ್ಷ್ಮ ಸ್ವಭಾವದ ಮಕ್ಕಳು ಅದನ್ನು ನೋಡಿ ಶಾಲೆಯ ನೀರನ್ನೇ ಮುಟ್ಟದೆ ಕೂರುತ್ತಾರೆ. ಹೆಣ್ಣುಮಕ್ಕಳಂತೂ ಶೌಚಾಲಯ ಸರಿಯಿಲ್ಲವೆಂದು ಮೊದಲೇ ನೀರು ಕುಡಿಯುವುದನ್ನು ಕಡಿಮೆ ಮಾಡಿಕೊಂಡಿರುತ್ತಾರೆ. ಕೇರಳದ ಶಾಲೆಗಳಲ್ಲಿ 2019ರಲ್ಲಿ ಹೆಸರಾದ, ನೀರು ಕುಡಿಯಲು ನೆನಪಿಸುವ ‘ನೀರಿನ ಗಂಟೆ’ ನಮ್ಮ ರಾಜ್ಯಕ್ಕೂ ಬಂದದ್ದು ಮಕ್ಕಳು ಸಾಕಷ್ಟು ನೀರು ಕುಡಿಯಲಿ ಎಂಬ ಕಾಳಜಿಯಿಂದ. ನೀರು ಬೇಕು, ಒಳ್ಳೆಯ ನೀರು ಬೇಕು ಎಂಬ ಎರಡೂ ಮಾತು ಮಗುವಿಗೆ ಒಟ್ಟೊಟ್ಟಿಗೆ ಹೋಗಲಿ.

ಕಾಣದ ಜೀವಿಯನ್ನು ಕಾಣುವಂತೆ ಮಾಡಲು ಪ್ರಯೋಗಾಲಯ ಬೇಕಿಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ರಾಜ್ಯವಿಡೀ ಹಬ್ಬಿದ ನಲಿ-ಕಲಿ ನಮ್ಮ ಶಿಕ್ಷಕರಿಗೆ ಮಾಡಿ ಕಲಿಸುವ ದಾರಿಯನ್ನು ಆಗಲೇ ತೋರಿಸಿದೆ. ಅದೇ ದಾರಿಯಲ್ಲಿ ಮನೆಯಲ್ಲೂ ಮಾಡಬಹುದಾದ ಒಂದೆರಡನ್ನು ಹೇಳುತ್ತೇನೆ.

ಎರಡು ಗಾಜಿನ ಲೋಟದಲ್ಲಿ ಕುದಿಸಿ ಆರಿಸಿದ ನೀರು ತೆಗೆದುಕೊಳ್ಳಿ. ಮಕ್ಕಳಿಗೆ ಕಾಣದಂತೆ ಒಂದಕ್ಕೆ ಅರ್ಧ ಚಮಚ ಪುಡಿ ಉಪ್ಪು ಹಾಕಿ ಚೆನ್ನಾಗಿ ಕದಡಿ. ಎರಡನ್ನೂ ಬೆಳಕಿಗೆ ಹಿಡಿದು ತೋರಿಸಿ, ಯಾವುದರಲ್ಲಿ ಏನಾದರೂ ಕಾಣುತ್ತಿದೆಯೇ ಎಂದು ಕೇಳಿ. ಏನೂ ಇಲ್ಲ ಎನ್ನುತ್ತಾರೆ. ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ಚಮಚದಲ್ಲಿ ಎರಡನ್ನೂ ರುಚಿ ನೋಡಿಸಿ. ಮುಖ ಕಿವುಚಿಕೊಂಡು ‘ಉಪ್ಪು!’ ಎಂದು ಕೂಗುವ ಆ ಕ್ಷಣದಲ್ಲೇ ಹೇಳಬೇಕು, ತಿಳಿಯಾಗಿ ಕಂಡ ನೀರಿನಲ್ಲೂ ಏನೋ ಇರಬಹುದು, ಅದಕ್ಕೇ ನಾವು ಕುದಿಸುತ್ತೇವೆ ಎಂದು. ನಮ್ಮ ಹಿರಿಯರಲ್ಲೂ ಎಷ್ಟೋ ಜನ ‘ನೀರು ಕನ್ನಡಿಯ ಹಾಗಿದೆ, ಏನೂ ಆಗಲ್ಲ’ ಎಂದೇ ನಂಬಿದ್ದಾರೆ. ಹಾಗಾಗಿ ಅಜ್ಜ-ಅಜ್ಜಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡರೆ ಒಳ್ಳೆಯದು.

ಇನ್ನೊಂದು ಪಾಠ ಕೈಯದು. ಮಗುವಿನ ಅಂಗೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಮೇಲೆ ಚಿಟಿಕೆ ಅರಿಶಿನ ಉದುರಿಸಿ. ಪಕ್ಕದವನ ಕೈಕುಲುಕಲು ಹೇಳಿ, ಅವನು ತನ್ನ ಪಕ್ಕದವಳ ಕೈಕುಲುಕಲಿ. ನಾಲ್ಕನೆಯ ಮಗುವಿನ ಕೈಯಲ್ಲೂ ಹಳದಿ ಕಂಡಾಗ ಮಕ್ಕಳಿಗೆ ಆಗುವ ಬೆರಗನ್ನು ನೀವೇ ನೋಡಬೇಕು. ಈಗ ಬರೀ ನೀರಲ್ಲಿ ತೊಳೆಯಲಿ. ಹೋಗುವುದಿಲ್ಲ. ಸೋಪು ಹಚ್ಚಿ ಉಜ್ಜಲಿ. ಅಂಗೈ ಬೆಳ್ಳಗಾಗುತ್ತದೆ, ಬೆರಳ ಸಂದಿಯಲ್ಲಿ, ಹೆಬ್ಬೆರಳ ಬುಡದಲ್ಲಿ, ಉಗುರ ಕೆಳಗೆ ಹಳದಿ ಉಳಿದಿರುತ್ತದೆ. ಎಲ್ಲೆಲ್ಲಿ ತೊಳೆಯುವುದು ಬಿಟ್ಟುಹೋಗುತ್ತದೆ ಎಂಬುದನ್ನು ಅದೇ ಹೇಳುತ್ತದೆ. ಇಪ್ಪತ್ತು ಸೆಕೆಂಡು ಉಜ್ಜಬೇಕೆಂದು ಗಡಿಯಾರ ತೋರಿಸಿದರೆ ಚಿಕ್ಕವರಿಗೆ ತಿಳಿಯದು. ಒಂದರಿಂದ ಇಪ್ಪತ್ತರವರೆಗೆ ಎಣಿಸಲಿ, ಸ್ವಲ್ಪ ದೊಡ್ಡವರು ಎರಡರ ಮಗ್ಗಿ ಹೇಳಲಿ. ಶೌಚಕ್ಕೆ ಹೋಗಿ ಬಂದ ಮೇಲೆ, ಊಟಕ್ಕೆ ಕೂರುವ ಮೊದಲು. ಈ ಎರಡು ಹೊತ್ತನ್ನು ಬಿಡದೆ ಹಿಡಿದರೆ ಭೇದಿಯ ಪ್ರಕರಣಗಳಲ್ಲಿ ಸುಮಾರು ಮೂರನೇ ಒಂದು ಭಾಗ ತಪ್ಪುತ್ತದೆ ಎಂದು ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ.

ಎರಡನೇ, ಮೂರನೇ ತರಗತಿಯವರಿಗಾದರೆ ನೀರು ಪರೀಕ್ಷೆಯ ಪುಟ್ಟ ಬಾಟಲಿಯನ್ನು ತೋರಿಸಬಹುದು. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಂಜ, ಮೌರ್ಯ ಮತ್ತು ರಾವ್ ಎಂಬ ಮೂವರು ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸರಳ ವಿಧಾನ ಇದು. ಔಷಧ ಹಚ್ಚಿದ ಕಾಗದವಿರುವ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚನೆಯ ಜಾಗದಲ್ಲಿ ಇಟ್ಟರೆ ಆಯಿತು. ಮಲದಿಂದ ಬಂದ ಬ್ಯಾಕ್ಟೀರಿಯಾ ಇದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂಬುದು ಜಲಜೀವನ್ ಮಿಷನ್‌ನಲ್ಲೇ ಇದೆ. ಕಿಟ್ ಪಂಚಾಯಿತಿಯಲ್ಲಿರುತ್ತದೆ, ಬಹಳ ಕಡೆ ಕಪಾಟಿನಲ್ಲಿ. ಅದನ್ನು ಕೇಳಿ ತರಿಸಿ, ತರಬೇತಿ ಪಡೆದ ಅಕ್ಕನನ್ನು ಶಾಲೆಗೆ ಕರೆಸಿ, ಮಕ್ಕಳ ಎದುರೇ ಶಾಲೆಯ ಟ್ಯಾಂಕಿನ ನೀರನ್ನೂ ಊರ ತೊಂಬೆಯ ನೀರನ್ನೂ ತುಂಬಿಸಿ. ಕಪ್ಪಾದ ಬಾಟಲಿಯನ್ನು ಮಕ್ಕಳು ತೆರೆಯಬಾರದು, ದೊಡ್ಡವರು ಬ್ಲೀಚಿಂಗ್ ಪೌಡರ್ ಹಾಕಿ ಚೆಲ್ಲಬೇಕು. ಆ ಕಪ್ಪು ನೀರನ್ನು ಕಣ್ಣಾರೆ ಕಂಡ ಮಗು ಮನೆಗೆ ಹೋಗಿ ಸುಮ್ಮನಿರುವುದಿಲ್ಲ. ಇದೇ ಸಂದರ್ಭದಲ್ಲಿ, ನಲ್ಲಿ ನೀರಿಗೆ ಬರುವ ತೆಳುವಾದ ಕ್ಲೋರಿನ್ ವಾಸನೆ ಕೆಟ್ಟದ್ದಲ್ಲ, ಅದು ಕಾವಲಿನ ಗುರುತು ಎಂದೂ ತಿಳಿಸಿ.

ಇಷ್ಟೆಲ್ಲ ಕಲಿಸಿ ಏನು ಬದಲಾಗುತ್ತದೆ ಎಂದು ಅನುಮಾನಪಡುವವರು ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಹಿರಿಯರನ್ನು ನಾರುಹುಣ್ಣಿನ ಬಗ್ಗೆ ಕೇಳಬೇಕು. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದ ಕಾಲ. ಕಾಲಿನಲ್ಲಿ ಹುಣ್ಣೆದ್ದವರು ಅದೇ ನೀರಿನಲ್ಲಿ ನಿಂತರೆ ಹುಣ್ಣಿನೊಳಗಿನ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಅವನ್ನು ಸೈಕ್ಲಾಪ್ಸ್ ಎಂಬ ಸಣ್ಣ ನೀರ್‌ಜೀವಿ ನುಂಗುತ್ತಿತ್ತು, ಆ ನೀರನ್ನು ಸೋಸದೆ ಕುಡಿದವರ ಮೈಯೊಳಗೆ ಸುಮಾರು ಒಂದು ವರ್ಷ ಬೆಳೆದ ಹುಳು ಎರಡು-ಮೂರು ಅಡಿ ಉದ್ದವಾಗಿ ಚರ್ಮ ಸೀಳಿಕೊಂಡು ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕಿತ್ತು. ಬಿತ್ತನೆಯ ಹೊತ್ತಿಗೆ ಮನೆಯ ಗಂಡಾಳು ಹೆಣ್ಣಾಳು ಹಾಸಿಗೆ ಹಿಡಿಯುತ್ತಿದ್ದರು. ಈ ರೋಗಕ್ಕೆ ಲಸಿಕೆ ಇರಲಿಲ್ಲ, ವಾಸಿಮಾಡುವ ಔಷಧವೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣಿದ್ದವರು ನೀರಿಗಿಳಿಯಬೇಡಿ ಎಂದು ಮನೆಮನೆಗೆ ಹೋಗಿ ಹೇಳಿದರು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಿದರು, ಕೈಪಂಪು ಹಾಕಿದರು, ನೀರಿಗೆ ಔಷಧ ಬಿಟ್ಟು ಸೈಕ್ಲಾಪ್ಸ್ ಕೊಂದರು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ತಿಳಿಹೇಳುವುದು ಮತ್ತು ನೀರಿನ ಮೂಲ ಸರಿಪಡಿಸುವುದು, ಎರಡನ್ನೂ ಜೊತೆಜೊತೆಗೆ ಮಾಡಿದ್ದರಿಂದ ಒಂದು ರೋಗವೇ ನಮ್ಮ ನೆಲ ಬಿಟ್ಟಿತು. ಇಂದಿನ ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲದಿರುವುದು ಎಂಥ ದೊಡ್ಡ ಗೆಲುವು!

ಬಟ್ಟೆಯ ಮಾತು ಬಂತಲ್ಲ, ಅದರ ಮಿತಿಯನ್ನೂ ಹೇಳಿಬಿಡಬೇಕು. ಹಳೆಯ ಹತ್ತಿ ಸೀರೆಯನ್ನು ನಾಲ್ಕೈದು ಮಡಿಕೆ ಮಾಡಿ ನೀರು ಸೋಸಿದ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕಾಲರಾ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕಾಲರಾ ಬ್ಯಾಕ್ಟೀರಿಯಾ ಅಂಟಿಕೊಂಡಿರುವ ಸಣ್ಣ ನೀರ್‌ಜೀವಿಗಳು ಬಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾ, ವೈರಸ್‌ಗಳನ್ನು ಬಟ್ಟೆ ತಡೆಯುವುದಿಲ್ಲ. ನಮ್ಮ ಮನೆಗಳಲ್ಲಿ ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆ ತಿಂಗಳುಗಟ್ಟಲೆ ಅಲ್ಲೇ ಇದ್ದು ಲೋಳೆಗಟ್ಟಿರುತ್ತದೆ, ಅದರಿಂದ ಒಳಿತಿಗಿಂತ ಕೇಡೇ ಹೆಚ್ಚು. ದಿನವೂ ಬಿಚ್ಚಿ, ಸೋಪು ಹಾಕಿ ಒಗೆದು, ಬಿಸಿಲಿಗೆ ಒಣಹಾಕಬೇಕು. ಸೋಸಿದ ನೀರನ್ನು ಗುಳುಗುಳು ಗುಳ್ಳೆಯೇಳುವ ತನಕ ಕುದಿಸಬೇಕು. ಕುದಿಸಿದ ಪಾತ್ರೆಯಲ್ಲೇ ಮುಚ್ಚಳ ಹಾಕಿ ಆರಲು ಬಿಡಬೇಕು.

ಕುದಿಸಿದ ನೀರು ಮತ್ತೆ ಕೆಡುವುದು ನಮ್ಮ ಕೈಯಿಂದಲೇ. ಕೊಡದಲ್ಲಿ ಲೋಟ ಅದ್ದಿ ತೆಗೆಯುವಾಗ ಬೆರಳು ನೀರಿಗೆ ತಾಗುತ್ತದೆ. ಉದ್ದ ಹಿಡಿಕೆಯ ಸೌಟೊಂದನ್ನು ಕೊಡದ ಪಕ್ಕ ನೇತುಹಾಕಿ, ಅದರಲ್ಲೇ ಬಗ್ಗಿಸಿಕೊಳ್ಳಲು ಮಗುವಿಗೆ ಕಲಿಸಿ. ನಲ್ಲಿ ಇರುವ ಸ್ಟೀಲ್ ಪಾತ್ರೆ ಕೊಳ್ಳಲು ಆದರೆ ಇನ್ನೂ ಸರಿ. ಶುದ್ಧ ನೀರಿನ ಘಟಕದಿಂದ ತರುವ ಕ್ಯಾನಿನ ಒಳಗೆ ಕೈಹಾಕಿ ನೋಡಿ, ಜಾರುತ್ತಿದ್ದರೆ ಅದನ್ನು ಉಜ್ಜಿ ತೊಳೆಯದೆ ಘಟಕದ ನೀರಿಗೆ ಕೊಟ್ಟ ದುಡ್ಡು ವ್ಯರ್ಥ. ನಲ್ಲಿ ಬಂದ ಕೂಡಲೇ ಬರುವ ಮೊದಲ ನೀರನ್ನು ಗಿಡಕ್ಕೋ ಅಂಗಳಕ್ಕೋ ಬಿಟ್ಟು ಆಮೇಲೆ ಕೊಡ ಹಿಡಿಯುವುದೂ ಮಗು ನೋಡಿ ಕಲಿಯಬೇಕಾದ ಪಾಠ. ಪೇಟೆಯ ಅಪಾರ್ಟ್‌ಮೆಂಟಿನವರು ಇದು ಹಳ್ಳಿಯ ಮಾತೆಂದು ತಿಳಿಯಬಾರದು. ಸಂಪಿನ ಪಕ್ಕದಲ್ಲೇ ಒಳಚರಂಡಿಯ ಗುಂಡಿ ಇರುವ ಕಟ್ಟಡಗಳು ನಗರದಲ್ಲಿ ಎಷ್ಟೋ ಇವೆ. ಟ್ಯಾಂಕರ್ ನೀರು ಯಾವ ಬಾವಿಯದೆಂದು ಕೇಳುವವರೂ ಕಡಿಮೆ.

ಮನೆಯಲ್ಲಿ ಹಾಲುಗಲ್ಲದ ಕೂಸಿದ್ದರೆ ಇನ್ನೊಂದು ಮಾತು. ‘ಹಾಲು ಕುಡಿಯೋ ಕೂಸಿನ ಕಕ್ಕಕ್ಕೆ ಎಂಥಾ ಅಸಹ್ಯ ಕಣಮ್ಮ’ ಎಂದು ಅಜ್ಜಿಯರು ಪ್ರೀತಿಯಿಂದ ಹೇಳುತ್ತಾರೆ. ಆ ಪ್ರೀತಿಗೆ ಕೈಮುಗಿಯುತ್ತೇನೆ, ಮಾತನ್ನು ಒಪ್ಪಲಾರೆ. ಎಳೆಮಕ್ಕಳಿಗೆ ಭೇದಿ ಹೆಚ್ಚು, ಹಾಗಾಗಿ ಅವರ ಮಲದಲ್ಲಿ ರೋಗಾಣುವೂ ಹೆಚ್ಚು. ಅದನ್ನು ಚರಂಡಿಗೆ, ತಿಪ್ಪೆಗೆ ಎಸೆದರೆ ನೊಣ ಹೊತ್ತು ತರುತ್ತದೆ. ಶೌಚಾಲಯಕ್ಕೇ ಹಾಕಬೇಕು, ಕೂಸನ್ನು ತೊಳೆದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಅಕ್ಕ-ಅಣ್ಣನಾದ ಐದಾರು ವರ್ಷದವರೇ ತಮ್ಮ-ತಂಗಿಯನ್ನು ತೊಳೆಸುವ ಮನೆಗಳು ನಮ್ಮಲ್ಲಿ ಬಹಳ, ಈ ಪಾಠ ಅವರಿಗೂ ಬೇಕು. ಕೂಸಿಗೆ ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಉಚಿತವಾಗಿ ಹಾಕುವ ರೋಟಾವೈರಸ್ ಹನಿಯನ್ನು ತಪ್ಪಿಸಬೇಡಿ.

ಈಗ ಸೋಪಿನ ವಿಷಯ. ಒಂದು ಅಂಗನವಾಡಿಗೆ ಹೋದಾಗ ಗೋಡೆಯ ತುಂಬ ಕೈತೊಳೆಯುವ ಹಂತಗಳ ಚಿತ್ರ, ಕಣ್ಣಿಗೆ ಹಬ್ಬ. ಸೋಪು ಎಲ್ಲಮ್ಮಾ ಎಂದು ಕೇಳಿದರೆ ಸಹಾಯಕಿ ಸ್ಟೂಲು ಹತ್ತಿ ಬೀರುವಿನ ಮೇಲಿಂದ ಕಾಗದ ಬಿಚ್ಚದ ಹೊಸ ಸೋಪು ತೆಗೆದು ಕೊಟ್ಟರು. ‘ಕೆಳಗಿಟ್ರೆ ಮಕ್ಕಳು ನೀರಲ್ಲಿ ಹಾಕಿ ಕರಗಿಸ್ತವೆ ಸಾರ್, ಮತ್ತೆ ಯಾರು ಕೊಡ್ತಾರೆ’ ಎಂದರು. ಅವರನ್ನು ದೂರುವ ಮನಸ್ಸು ನನಗಿಲ್ಲ. ತಿಂಗಳ ಸೋಪಿಗೆ ಅವರು ತಮ್ಮ ಕೈಯಿಂದಲೇ ಖರ್ಚು ಮಾಡಬೇಕಾದ ಸ್ಥಿತಿಯಲ್ಲಿ ಸೋಪು ಬೀರುವಿನ ಮೇಲೆ ಕೂರುವುದು ಸಹಜ. ಆದರೆ ಬೀರುವಿನ ಮೇಲಿನ ಸೋಪು ಯಾವ ಮಗುವನ್ನೂ ಕಾಯುವುದಿಲ್ಲ.

ಇದಕ್ಕೆ ಕೈಗೆಟುಕುವ ಪರಿಹಾರಗಳಿವೆ. ಸೋಪನ್ನು ನೈಲಾನ್ ಬಲೆಯ ಚೀಲದಲ್ಲೋ ಹಳೆಯ ಕಾಲುಚೀಲದಲ್ಲೋ ಹಾಕಿ ನಲ್ಲಿಯ ಪಕ್ಕ ಮಗುವಿನ ಎದೆಯೆತ್ತರಕ್ಕೆ ಕಟ್ಟಿದರೆ ಅದು ಬೀಳುವುದಿಲ್ಲ, ಕಳೆದುಹೋಗುವುದಿಲ್ಲ, ಬೇಗ ಕರಗುವುದೂ ಇಲ್ಲ. ಖಾಲಿ ನೀರಿನ ಬಾಟಲಿಗೆ ಸ್ವಲ್ಪ ಬಟ್ಟೆ ಒಗೆಯುವ ಪುಡಿ ಹಾಕಿ ನೀರು ತುಂಬಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿದರೆ ಕೈತೊಳೆಯುವ ದ್ರಾವಣ ಸಿದ್ಧ. ನಲ್ಲಿ ಎತ್ತರದಲ್ಲಿದ್ದು ಮಕ್ಕಳಿಗೆ ಎಟುಕದಿದ್ದರೆ, ಒಂದು ಉದ್ದದ ಪ್ಲಾಸ್ಟಿಕ್ ಪೈಪಿಗೆ ಗೇಣಿಗೊಂದರಂತೆ ತೂತು ಕೊರೆದು, ಕೊನೆ ಮುಚ್ಚಿ, ಟ್ಯಾಂಕಿಗೆ ಜೋಡಿಸಿ ಮಕ್ಕಳ ಸೊಂಟದೆತ್ತರಕ್ಕೆ ಕಟ್ಟಿ. ಹತ್ತು-ಹನ್ನೆರಡು ಮಕ್ಕಳು ಒಟ್ಟಿಗೆ ಕೈ ತೊಳೆಯಬಹುದು, ಬಿಸಿಯೂಟದ ಮೊದಲು ನೂಕುನುಗ್ಗಲು ಇರುವುದಿಲ್ಲ. ಊರಿನ ಪ್ಲಂಬರ್‌ಗೆ ಅರ್ಧ ದಿನದ ಕೆಲಸ. ಹುಟ್ಟುಹಬ್ಬಕ್ಕೆ ಶಾಲೆಗೆ ಚಾಕೊಲೇಟ್ ಹಂಚುವ ಪಾಲಕರೇ, ಈ ವರ್ಷ ಆ ದುಡ್ಡಿನಲ್ಲಿ ಸೋಪು ಕೊಡಿ. ಹಳೆಯ ವಿದ್ಯಾರ್ಥಿಗಳೇ, ದುಬೈನಲ್ಲೋ ಬೆಂಗಳೂರಿನಲ್ಲೋ ಕೂತು ನೀವು ಕಲಿತ ಶಾಲೆಗೆ ಏನಾದರೂ ಮಾಡಬೇಕೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತಾಡುತ್ತಿದ್ದರೆ ಕಮಾನು, ನಾಮಫಲಕಕ್ಕಿಂತ ಮೊದಲು ಈ ಪೈಪನ್ನು ಹಾಕಿಸಿ.

ತಡೆಯುವ ಪಾಠದಷ್ಟೇ ಮುಖ್ಯವಾದದ್ದು, ಹೊಟ್ಟೆ ಕೆಟ್ಟ ಮೇಲೆ ಏನು ಮಾಡಬೇಕು ಎಂಬ ಪಾಠ. ಭೇದಿಯಲ್ಲಿ ಮಗುವಿನ ಜೀವಕ್ಕೆ ಕುತ್ತು ತರುವುದು ಬಹುಮಟ್ಟಿಗೆ ಮೈಯ ನೀರು ಬತ್ತುವುದು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ರೋಗಿಗಳು ನೆಲದ ಮೇಲೆ ಮಲಗಿದ್ದರು, ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸುವಂತೆ ಮಾಡಿದರು. ಶೇ 30ರ ಹತ್ತಿರ ಇದ್ದ ಸಾವಿನ ಪ್ರಮಾಣ ಅವರ ಉಸ್ತುವಾರಿಯಲ್ಲಿ ಶೇ 4ಕ್ಕಿಂತ ಕೆಳಗಿಳಿಯಿತು. ಇಂಥ ನೀರನ್ನು, ಅಂದರೆ ಓಆರ್‌ಎಸ್ ಅನ್ನು, ಜಗತ್ತು ನಂಬಿದ್ದರಲ್ಲಿ ಆ ಶಿಬಿರದ ಪಾತ್ರ ದೊಡ್ಡದು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಈ ಕಥೆಯನ್ನು ಮಕ್ಕಳಿಗೆ ಹೇಳಿ. ಲೋಟ ಹಿಡಿದ ತಾಯಂದಿರೇ ಅಲ್ಲಿ ಜೀವ ಉಳಿಸಿದರು ಎಂಬುದು ಮಕ್ಕಳ ಮನಸ್ಸಿಗೆ ನಾಟುತ್ತದೆ.

ಓಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆಯ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಲೀಟರಿನ ಇಡೀ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಹಾಕಬೇಕು, ಒಂದು ಲೋಟಕ್ಕೆ ಚೂರು, ಇನ್ನೊಂದಕ್ಕೆ ಚೂರು ಎಂದು ಹಾಕಬಾರದು. ನಿಮ್ಮ ಮನೆಯ ಯಾವ ತಂಬಿಗೆಗೆ ಎಷ್ಟು ನೀರು ಹಿಡಿದರೆ ಒಂದು ಲೀಟರ್ ಎಂದು ಮಕ್ಕಳಿಂದಲೇ ಅಳೆಸಿ, ಗುರುತು ಹಾಕಿಡಿ. ಒಮ್ಮೆ ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಸಪಾಟು ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಲೇಬಾರದು. ಅಂಗಡಿಯಲ್ಲಿ ಓಆರ್‌ಎಸ್ ಹೆಸರಿಟ್ಟುಕೊಂಡ ಸಿಹಿ ಪಾನೀಯದ ಡಬ್ಬಿಗಳು ಬಹಳ ಕಾಲ ಮಾರಾಟವಾದವು. ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಇರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು, ಆದರೂ ಕೊಳ್ಳುವಾಗ ನೋಡಿಕೊಳ್ಳಿ. ಭೇದಿಯಾದ ಮಗುವಿಗೆ ಎದೆಹಾಲು, ಗಂಜಿ, ಅನ್ನ ನಿಲ್ಲಿಸಬೇಡಿ. ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ, ಓಆರ್‌ಎಸ್ ಜೊತೆ ಸತುವಿನ ಮಾತ್ರೆಯನ್ನು 14 ದಿನ ಕೊಡಲು ಆಶಾ ಕಾರ್ಯಕರ್ತೆಯನ್ನು ಕೇಳಿ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಂಕಾಗಿ ಮಲಗಿದರೆ, ಕುಡಿಯಲಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ಮಕ್ಕಳಿಗೆ ಇದರಲ್ಲಿ ಕಲಿಸಬೇಕಾದದ್ದು ಒಂದೇ: ಹೊಟ್ಟೆ ಕೆಟ್ಟರೆ ಕೂಡಲೇ ಹೇಳು. ತರಗತಿಯಲ್ಲಿ ಚಡ್ಡಿ ಒದ್ದೆಯಾದ ಮಗುವನ್ನು ನೋಡಿ ಉಳಿದವರು ನಕ್ಕಿರುತ್ತಾರೆ, ಮನೆಯಲ್ಲಿ ಬೈಗುಳ ಬಿದ್ದಿರುತ್ತದೆ. ಮುಂದಿನ ಸಲ ಅದು ಹೇಳದೆ ಮುಚ್ಚಿಡುತ್ತದೆ, ಅಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಟೀಚರ್‌ಗಳೇ, ‘ಹೀಗೆ ಯಾರಿಗಾದರೂ ಆಗಬಹುದು, ಆದರೆ ನನಗೆ ಬಂದು ಹೇಳಿ’ ಎಂದು ವರ್ಷದ ಮೊದಲ ವಾರವೇ ಇಡೀ ತರಗತಿಗೆ ಹೇಳಿಬಿಡಿ. ಯಾರ ಮನೆಯಲ್ಲಿ ಶೌಚಾಲಯ ಇಲ್ಲ, ಯಾರು ಬಯಲಿಗೆ ಹೋಗುತ್ತಾರೆ, ಕೈ ಎತ್ತಿ ಎಂದು ಮಾತ್ರ ಎಂದೂ ಕೇಳಬೇಡಿ. ಮನೆಯ ಬಡತನಕ್ಕೆ ಮಗು ತಲೆತಗ್ಗಿಸುವಂತೆ ಮಾಡುವ ಪಾಠ ಆರೋಗ್ಯದ ಪಾಠವಾಗಲಾರದು.

ಕೊನೆಗೆ ಪೈಪು, ಟ್ಯಾಂಕಿನ ಮಾತು. ನಾವು ಎಷ್ಟೇ ಕಲಿಸಿದರೂ ಟ್ಯಾಂಕಿನಲ್ಲಿ ಪಾರಿವಾಳ ಸತ್ತು ಬಿದ್ದಿದ್ದರೆ ಮಗು ಏನು ಮಾಡಬೇಕು? ನಮ್ಮ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಅಲ್ಲಿ ಮಕ್ಕಳು ಎದ್ದು ನಿಂತು ನೀರಿನ ಬಗ್ಗೆ ಕೇಳಲಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಉತ್ತರಿಸಲಿ, ಉತ್ತರ ನಡಾವಳಿಯಲ್ಲಿ ದಾಖಲಾಗಲಿ. ಆದರೆ ಆ ಸಭೆ ಬರುವವರೆಗೆ ಕಾಯುವಂತಿಲ್ಲ. ಓದುಗರೇ, ನಿಮ್ಮಲ್ಲಿ ಒಬ್ಬೊಬ್ಬರೂ ನಿಮ್ಮ ಮನೆಗೆ ಹತ್ತಿರದ ಅಂಗನವಾಡಿ ಅಥವಾ ಸರ್ಕಾರಿ ಶಾಲೆಗೆ ಒಮ್ಮೆ ಹೋಗಿ, ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೂ (ಎಸ್‌ಡಿಎಂಸಿ) ಜೊತೆಗೆ ಕರೆದುಕೊಳ್ಳಿ. ಟ್ಯಾಂಕು ಕೊನೆಯ ಬಾರಿ ತೊಳೆದದ್ದು ಯಾವಾಗ, ಮುಚ್ಚಳ ಇದೆಯೇ, ನೀರಿನ ಪರೀಕ್ಷೆ ಆಗಿದೆಯೇ, ಬ್ಲೀಚಿಂಗ್ ಪೌಡರ್ ಹಾಕುವವರು ಯಾರು, ಮಗುವಿಗೆ ಎಟುಕುವಲ್ಲಿ ನಲ್ಲಿ ಮತ್ತು ಸೋಪು ಇವೆಯೇ ಎಂದು ಕೇಳಿ. ತೊಳೆದ ದಿನಾಂಕವನ್ನು ಟ್ಯಾಂಕಿನ ಮೇಲೇ ಬಣ್ಣದಲ್ಲಿ ಬರೆಸಿ. ಸರಿಯಿಲ್ಲದ್ದನ್ನು ಪಂಚಾಯಿತಿಗೋ ನಗರಸಭೆಗೋ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ, ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ಕೇಳಿ. ಇದನ್ನು ಶಾಲೆ ಶುರುವಾಗುವ ವಾರಕ್ಕೆ ಮೊದಲೇ ಮಾಡಿ, ಏಕೆಂದರೆ ರಜೆಯುದ್ದಕ್ಕೂ ನಿಂತ ನೀರು ಆ ಟ್ಯಾಂಕಿನಲ್ಲಿ ಹಾಗೇ ಇರುತ್ತದೆ, ಮೊದಲ ದಿನ ಬಂದ ಮಕ್ಕಳು ಕುಡಿಯುವುದು ಅದನ್ನೇ.